ಸ್ಕ್ರೂ ಇಲ್ಲದೆ ಬೋರ್ಡು ಕೂರಿಸಲು ಐದು ದಾರಿ: ಯಾವುದು ಎಲ್ಲಿ ನಿಲ್ಲುತ್ತದೆ, ಎಲ್ಲಿ ಕೈಕೊಡುತ್ತದೆ

8 ಮಿ.ಮೀ. ದಪ್ಪದ ಪಾಲಿಕಾರ್ಬೊನೇಟ್ ಕೇಸು, ಒಳಗೆ 40×25 ಮಿ.ಮೀ. ಅಳತೆಯ 1.0 ಮಿ.ಮೀ. ದಪ್ಪದ ಎಫ್‌ಆರ್4 (ಗಾಜುನಾರಿನ) ಸರ್ಕ್ಯೂಟ್ ಬೋರ್ಡು, ಪಕ್ಕದಲ್ಲೊಂದು ತೆಳು ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ. ಈ ಒಂದೇ ಜೋಡಣೆಯನ್ನು ಐದು ಬಗೆಯಲ್ಲಿ ಕೂರಿಸಿ, ಬಿಚ್ಚಿ, ಬೀಳಿಸಿ ನೋಡಿ ಮಾಡಿದ ಹೋಲಿಕೆ ಇದು. ಎಂ2 (2 ಮಿ.ಮೀ. ಥ್ರೆಡ್ಡಿನ) ಸ್ಕ್ರೂ ಹಾಕಿದರೆ ತಲೆಯೇ 1.3ರಿಂದ 1.6 ಮಿ.ಮೀ. ಎತ್ತರ ತಿನ್ನುತ್ತದೆ, ಥ್ರೆಡ್ ಕಚ್ಚಲು ಕೆಳಗೆ 3–4 ಮಿ.ಮೀ. ಆಳದ ಬಾಸ್ (ಸ್ಕ್ರೂ ಇಳಿಯುವ ಟೊಳ್ಳು ಕಂಬ) ಬೇಕು. ಮೇಲೆ ಕೆಳಗೆ 1.2 ಮಿ.ಮೀ. ಗೋಡೆ ಕಳೆದರೆ ಒಳಗೆ ಉಳಿಯುವುದೇ 5.6 ಮಿ.ಮೀ.

ಆದರೆ ಸ್ಕ್ರೂ ಮೂರು ಕೆಲಸ ಮಾಡುತ್ತಿರುತ್ತದೆ: ಬೋರ್ಡಿನ ಜಾಗ ನಿಗದಿ ಮಾಡುತ್ತದೆ, ಒತ್ತಿ ಹಿಡಿಯುತ್ತದೆ, ಎಷ್ಟೋ ಸಲ ಗ್ರೌಂಡ್ (ಸರ್ಕ್ಯೂಟಿನ ಸೊನ್ನೆ ವೋಲ್ಟ್) ಸಂಪರ್ಕವನ್ನೂ ಕೊಡುತ್ತದೆ. ಬದಲಿಗೆ ಬಂದ ಯಾವುದೂ ಈ ಮೂರನ್ನೂ ಒಟ್ಟಿಗೆ ಮಾಡುವುದಿಲ್ಲ. ಕಂಪ್ಯೂಟರಿನ ಎಂ.2 ಎಸ್‌ಎಸ್‌ಡಿ (ತೆಳು ಸ್ಟೋರೇಜ್ ಕಾರ್ಡು) ಕೂರಿಸುವ ಪ್ಲಾಸ್ಟಿಕ್ ತಿರುಗುಬೀಗವನ್ನೇ ನೋಡಿ. ಕನೆಕ್ಟರ್ ಮೇಲೆತ್ತುವ ಬೋರ್ಡನ್ನು ಅದು ಚೆನ್ನಾಗಿಯೇ ಅದುಮಿ ಹಿಡಿಯುತ್ತದೆ, ಆದರೆ ಅರ್ಧಚಂದ್ರಾಕಾರದ ತೂತಿನ ಸುತ್ತ ಇರುವ ಗ್ರೌಂಡ್ ಪ್ಯಾಡಿಗೆ ಲೋಹದ ಸ್ಪರ್ಶ ಸಿಗುವುದಿಲ್ಲ. ಕ್ಲಿಪ್ ವಿನ್ಯಾಸಗಳು ಸೋಲುವುದು ಹೆಚ್ಚಾಗಿ ಕ್ಲಿಪ್ಪಿಗೇ ಮೂರೂ ಹೊರೆ ಹೊರಿಸಿದಾಗ. ಜಾಗ ನಿಗದಿಗೆ 1.5 ಮಿ.ಮೀ.ನ ಎರಡು ಗೂಟ ಸಾಕು. ಬೋರ್ಡಿನಲ್ಲಿ ಒಂದಕ್ಕೆ 1.6 ಮಿ.ಮೀ.ನ ದುಂಡು ತೂತು, ಇನ್ನೊಂದಕ್ಕೆ ಉದ್ದನೆಯ ಸ್ಲಾಟ್. ಎರಡೂ ದುಂಡಾದರೆ ತೂತುಗಳ ನಡುವಿನ ಅಂತರದ ಸಣ್ಣ ವ್ಯತ್ಯಾಸಕ್ಕೇ ಬೋರ್ಡು ಕೂರದು.

ನಿಂತ ಕ್ಲಿಪ್

ತಳದಿಂದ ನೆಟ್ಟಗೆ ಎದ್ದು, ತುದಿಯ ಕೊಕ್ಕೆಯಿಂದ ಬೋರ್ಡಿನ ಅಂಚು ಹಿಡಿಯುವ ತೋಳು. ಎಲ್ಲರೂ ಮೊದಲು ನಕ್ಷೆಯಲ್ಲಿ ಬಿಡಿಸುವುದು ಇದನ್ನೇ, ತೆಳು ಕೇಸಿನಲ್ಲಿ ಮೊದಲು ಮುರಿಯುವುದೂ ಇದೇ. ಸಮದಪ್ಪದ ತೋಳಿನ ಬುಡದಲ್ಲಿ ಬೀಳುವ ಹಿಗ್ಗು (ಪ್ಲಾಸ್ಟಿಕ್ ತನ್ನ ಉದ್ದದ ಎಷ್ಟು ಪಾಲು ಹಿಗ್ಗುತ್ತದೆ) = 1.5 × ದಪ್ಪ × ಬಾಗು (ತುದಿ ಸರಿಯುವ ದೂರ) ÷ ಉದ್ದದ ವರ್ಗ. ಬೋರ್ಡಿನ ಕೆಳಗೆ 3 ಮಿ.ಮೀ., ಬೋರ್ಡಿನ ದಪ್ಪ 1, ಹೀಗೆ ತೋಳಿಗೆ ಸಿಗುವುದು 4 ಮಿ.ಮೀ. ದಪ್ಪ 0.8, ಬಾಗು 0.4 ಇಟ್ಟರೆ ಹಿಗ್ಗು 3%. ಪಾಲಿಕಾರ್ಬೊನೇಟ್ ಒಂದು ಸಲದ ಜೋಡಣೆಗೆ 4% ತಾಳುತ್ತದೆ, ಆದರೆ ಮತ್ತೆ ಮತ್ತೆ ಬಿಚ್ಚುವುದಾದರೆ ಅದರ 60%, ಅಂದರೆ 2.4% ದಾಟಬಾರದು. ತೋಳನ್ನು ತುದಿಯತ್ತ ಅರ್ಧ ದಪ್ಪಕ್ಕೆ ಇಳಿಸಿದರೆ ಅದೇ ಬಾಗಿಗೆ ಹಿಗ್ಗು ಸುಮಾರು 1.8%ಕ್ಕೆ ಬರುತ್ತದೆ. ಬುಡದ ಮೂಲೆಗೆ ತೋಳಿನ ದಪ್ಪದ ಅರ್ಧದಷ್ಟಾದರೂ ದುಂಡು ಕೊಡಿ. ಚೂಪು ಮೂಲೆ ಬಿಟ್ಟರೆ ಮೇಲಿನ ಲೆಕ್ಕಕ್ಕೆ ಬೆಲೆಯೇ ಇಲ್ಲ.

ಇನ್ನು ಹಿಡಿತ. 3 ಮಿ.ಮೀ. ಅಗಲದ ಇಂಥ ತೋಳನ್ನು ಬಗ್ಗಿಸಲು ಸುಮಾರು 3.5 ನ್ಯೂಟನ್ ಬೇಕು. ಘರ್ಷಣಾಂಕ 0.3 ಎಂದಿಟ್ಟುಕೊಂಡರೆ, 30 ಡಿಗ್ರಿ ಇಳಿಜಾರಿನ ಮೇಲೆ ಒತ್ತಿ ಕೂರಿಸಲು ಹೆಚ್ಚುಕಡಿಮೆ ಅಷ್ಟೇ ಬಲ ಸಾಕು. ಹಿಡಿಯುವ ಮುಖ 45 ಡಿಗ್ರಿ ಇದ್ದರೆ ಕಿತ್ತುಬರಲು 6.5 ನ್ಯೂಟನ್, ನಾಲ್ಕು ಕ್ಲಿಪ್ ಸೇರಿ 26. ಭಾಗಗಳೂ ಸೇರಿ 10 ಗ್ರಾಂ ತೂಗುವ ಬೋರ್ಡಿಗೆ ಬಿದ್ದಾಗ 1000 ಜಿ (ಗುರುತ್ವದ ಸಾವಿರ ಪಟ್ಟು) ಹೊಡೆತ ತಗುಲಿದರೆ ಬಲ 98 ನ್ಯೂಟನ್. ಅಂದರೆ 45 ಡಿಗ್ರಿ ಕೊಕ್ಕೆ ಬೀಳುವಿಕೆಗೆ ಯಾವ ಲೆಕ್ಕಕ್ಕೂ ಇಲ್ಲ.

ಹಾಗಾದರೆ ಮುಖವನ್ನು 90 ಡಿಗ್ರಿ ಮಾಡೋಣ ಎಂದರೆ ಬೇರೆ ತಲೆನೋವು. ಬೋರ್ಡಿನ ದಪ್ಪಕ್ಕೆ ±10% ವ್ಯತ್ಯಾಸ ಮಾಮೂಲಿ, ಹಾಗಾಗಿ 1.0 ಎಂದದ್ದು 0.9ರಿಂದ 1.1ರವರೆಗೆ ಬರುತ್ತದೆ. ಕೊಕ್ಕೆಯ ಕೆಳಗೆ 1.15 ಬಿಟ್ಟರೆ ತೆಳು ಬೋರ್ಡು ಕಾಲು ಮಿ.ಮೀ. ಗಡಗಡಿಸುತ್ತದೆ. ಇಳಿಜಾರು ಮುಖವಾದರೆ ಯಾವ ದಪ್ಪವನ್ನಾದರೂ ಅಂಚಿನಲ್ಲಿ ಕಚ್ಚಿ ಹಿಡಿಯುತ್ತದೆ, ಆದರೆ ಬಲ ಸಾಲದು. ನಮ್ಮ ಮಟ್ಟಿಗೆ ಸರಿಹೋದದ್ದು 45 ಡಿಗ್ರಿ ಕೊಕ್ಕೆ, ಅದರ ಜೊತೆಗೆ ಮುಚ್ಚಳದ ಒಳಮೈಯಿಂದ ಇಳಿದು ಬೋರ್ಡಿಗೆ 0.2 ಮಿ.ಮೀ. ಮೇಲೆ ನಿಲ್ಲುವ ಪಕ್ಕೆಗಳು. ಕ್ಲಿಪ್ ಗಡಗಡ ತಡೆಯುತ್ತದೆ, ಬಿದ್ದ ಹೊಡೆತವನ್ನು ಪಕ್ಕೆ ಹೊರುತ್ತದೆ.

ಎರಡು ಎಚ್ಚರಿಕೆ. ಬೋರ್ಡುಗಳನ್ನು ಪ್ಯಾನೆಲ್‌ನಿಂದ (ಹಲವು ಬೋರ್ಡು ಒಟ್ಟಿಗೆ ತಯಾರಾಗುವ ಹಾಳೆಯಿಂದ) ಮುರಿದಾಗ ಅಂಚಿನಲ್ಲಿ ಉಳಿಯುವ ಮೊಂಡುಗಳು ಕ್ಲಿಪ್ ಕೂರುವ ಕಡೆ ಬರದಂತೆ ನೋಡಿಕೊಳ್ಳಿ, ಬಂದರೆ ಬಾಗು 0.4 ಹೋಗಿ 0.6 ಆಗುತ್ತದೆ. ಒತ್ತಿ ಕೂರಿಸುವಾಗ ಬೋರ್ಡು ಬಾಗುವುದರಿಂದ ಸೆರಾಮಿಕ್ ಕೆಪಾಸಿಟರುಗಳನ್ನು ಕ್ಲಿಪ್ಪಿನಿಂದ 5 ಮಿ.ಮೀ. ದೂರವಿಟ್ಟು, ಅಂಚಿಗೆ ಸಮಾಂತರವಾಗಿ ಮಲಗಿಸಿ. ಬಿರುಕು ಬಿಟ್ಟ ಕೆಪಾಸಿಟರ್ ಹೊರಗಿನಿಂದ ಕಾಣುವುದಿಲ್ಲ, ತಿಂಗಳ ಮೇಲೆ ಶಾರ್ಟ್ ಆಗಬಹುದು.

ಜಾರಿಸಿ ಅಗುಳಿ ಹಾಕುವುದು

ನಾವು ಮೊದಲ ಸ್ಥಾನ ಕೊಡುವುದು ಇದಕ್ಕೆ. ಬಾಗದ ನಾಲ್ಕು ಗಟ್ಟಿ ಕೊಕ್ಕೆ, 1.0 ಮಿ.ಮೀ. ದಪ್ಪ, ಬೋರ್ಡಿನ ಮೇಲೆ 1.2 ಮಿ.ಮೀ. ಚಾಚು. ಬೋರ್ಡನ್ನು ಇಳಿಸಿ 2 ಮಿ.ಮೀ. ಜಾರಿಸಿದರೆ ಅಂಚುಗಳು ಕೊಕ್ಕೆಗಳ ಕೆಳಗೆ ಸೇರುತ್ತವೆ, ಹಿಂದೆ ಒಂದು ತೋಳು ಲಟಕ್ಕನೆ ಎದ್ದು ದಾರಿ ಮುಚ್ಚುತ್ತದೆ. ಹೊಡೆತವೆಲ್ಲ ಗಟ್ಟಿ ಕೊಕ್ಕೆಗೆ, ತೋಳಿನದು ಬಾಗಿಲ ಅಗುಳಿಯ ಕೆಲಸ ಮಾತ್ರ. ಅದು ತಳದಲ್ಲೇ ಅಡ್ಡಲಾಗಿ ಮಲಗಿರುವುದರಿಂದ ಉದ್ದಕ್ಕೆ ಬರವಿಲ್ಲ: 10 ಮಿ.ಮೀ. ಉದ್ದ, 1.0 ದಪ್ಪ, 0.8 ಬಾಗು ಇಟ್ಟರೂ ಹಿಗ್ಗು 1.2% ಅಷ್ಟೇ. ಬೋರ್ಡಿನ ಮೇಲೆ ಖರ್ಚಾಗುವ ಎತ್ತರ ಕೊಕ್ಕೆಯ 1.0 ಮಿ.ಮೀ. ಮಾತ್ರ.

ಕಷ್ಟಗಳೂ ಇವೆ. ಜಾರಬೇಕಾದ್ದರಿಂದ ಗೂಟಗಳನ್ನು ಬಿಟ್ಟು, ಬದಿಯ ಪಕ್ಕೆ ಮತ್ತು ಕೊನೆಯ ತಡೆಯಿಂದ ಜಾಗ ನಿಗದಿ ಮಾಡಬೇಕು. ಪ್ರತಿ ಕೊಕ್ಕೆಯ ಕೆಳಗೂ ಅಚ್ಚಿನ ಉಕ್ಕು ಹಾದುಬರಲು ತಳದಲ್ಲಿ ಕಿಂಡಿ ಬೇಕು, ಇಲ್ಲವಾದರೆ ಅಚ್ಚಿಗೆ ಲಿಫ್ಟರ್ (ಓರೆಯಾಗಿ ಸರಿಯುವ ಭಾಗ) ಸೇರಿಸಬೇಕು. ಕಿಂಡಿ ಬಿಟ್ಟ ಕೇಸು ಧೂಳು, ನೀರು ತಡೆಯದು. ಮುಖ್ಯವಾದದ್ದು ಜಾರುವ ದಿಕ್ಕು. ಯುಎಸ್‌ಬಿ-ಸಿ ಪ್ಲಗ್ ಚುಚ್ಚುವ ಬಲ 20 ನ್ಯೂಟನ್‌ವರೆಗೂ ಇರಬಹುದು. ಪೋರ್ಟಿನತ್ತ ಜಾರಿಸಿದ ಬೋರ್ಡನ್ನು ಪ್ರತಿ ಸಲ ಪ್ಲಗ್ ಹಿಂದಕ್ಕೆ ತಳ್ಳುತ್ತದೆ, ಆ ಬಲ ನೇರ ಅಗುಳಿಗೆ. ತೋಳು ಜಾರುವ ದಿಕ್ಕಿಗೆ ಸಮಾಂತರವಾಗಿದ್ದು ತುದಿ ಬೋರ್ಡಿಗೆ ಎದುರಾಗಿ ನಿಂತರೆ ಬಲ ಅದನ್ನು ಬಗ್ಗಿಸದೆ ಒತ್ತುತ್ತದೆ, ಆಗ ತಡೆದುಕೊಳ್ಳುತ್ತದೆ. ತೋಳು ಅಡ್ಡಡ್ಡ ಇದ್ದರೆ ಬೇಗ ಸೋಲುತ್ತದೆ.

3ಡಿ ಪ್ರಿಂಟ್ ಮಾಡುವವರಿಗೂ ಇದೇ ಒಳ್ಳೆಯದು. ಮಲಗಿದ ತೋಳಿನಲ್ಲಿ ಪದರಗಳು ಉದ್ದಕ್ಕೆ ಹರಿಯುತ್ತವೆ, ನಿಂತ ಕ್ಲಿಪ್ಪಿನಲ್ಲಿ ಪದರಗಳ ನಡುವಿನ ಬೆಸುಗೆಯೇ ಬುಡದಲ್ಲಿ ಸೀಳುತ್ತದೆ. ತಂತಿ ಕರಗಿಸುವ ಪ್ರಿಂಟರಿನಲ್ಲಿ ಜಾರುವ ಸಂದಿಗೆ 0.2–0.3 ಮಿ.ಮೀ. ಬಿಡಿ. ಪ್ಲಾಸ್ಟಿಕ್‌ಗಳಲ್ಲಿ ಪಿಎಲ್‌ಎ ಬೇಡ, ಅದು ಬಗ್ಗಿಸಿದಂತೆಯೇ ಕೂತುಬಿಡುತ್ತದೆ. ಪಿಇಟಿಜಿ ಪರವಾಗಿಲ್ಲ, ನೈಲಾನ್ 12 ಇನ್ನೂ ವಾಸಿ.

ಗೂಟದ ತಲೆ ಕರಗಿಸುವುದು

ಬೋರ್ಡಿನ ತೂತಿನಿಂದ ಮೇಲೆ ಬಂದ ಪ್ಲಾಸ್ಟಿಕ್ ಗೂಟವನ್ನು ಬಿಸಿಯಿಂದ ಕರಗಿಸಿ ತಲೆ ಮಾಡುವುದೇ ಹೀಟ್ ಸ್ಟೇಕ್. ಒಮ್ಮೆ ಕೂರಿಸಿ ಮರೆಯುವುದಾದರೆ ಅದರಷ್ಟು ಬಿಗಿಯಾದದ್ದು, ಗಡಗಡವಿಲ್ಲದ್ದು ಇನ್ನೊಂದಿಲ್ಲ. ಲೆಕ್ಕ ಸುಲಭ: ಬೋರ್ಡಿನ ಮೇಲೆ ಚಾಚಿದ ಗೂಟದ ಘನಗಾತ್ರವೇ ತಲೆಯ ಘನಗಾತ್ರ. 2.4 ಮಿ.ಮೀ. ಅಗಲ, 0.5 ಎತ್ತರದ ಚಪ್ಪಟೆ ತಲೆಗೆ 1.5 ಮಿ.ಮೀ.ನ ಗೂಟ ಬೋರ್ಡಿಗಿಂತ ಸುಮಾರು 1.3 ಮಿ.ಮೀ. ಮೇಲೆ ಬರಬೇಕು. ಜಾಸ್ತಿ ಬಿಟ್ಟರೆ ಕರಗಿದ್ದು ಪಕ್ಕದ ಪ್ಯಾಡಿನ ಮೇಲೆ ಹರಿಯುತ್ತದೆ. ಸಾಮಾನ್ಯವಾಗಿ ತಪ್ಪುವುದು ತಣಿಯುವ ಹಂತದಲ್ಲಿ. ಬಿಸಿ ತುದಿಯನ್ನು ಥಟ್ಟನೆ ಎತ್ತಿದರೆ ತಲೆ ನೂಲೆಳೆಯುತ್ತದೆ, ಪ್ಲಾಸ್ಟಿಕ್ ಹಿಂದಕ್ಕೆ ಚಿಮ್ಮಿ ಸಡಿಲವಾಗುತ್ತದೆ. ಬಿಸಿ ನಿಲ್ಲಿಸಿ, ಒತ್ತಿ ಹಿಡಿದೇ ತಣಿಸಬೇಕು. ರಿಪೇರಿಗೆ ತಲೆ ಕತ್ತರಿಸುವುದೊಂದೇ ದಾರಿ, ಆಮೇಲೆ ಹಿಡಿಯಲು ಏನೂ ಉಳಿಯದು. ಪಕ್ಕದಲ್ಲಿ ಸ್ಕ್ರೂಗೊಂದು ಖಾಲಿ ಬಾಸ್ ಬಿಟ್ಟಿದ್ದರೆ ರಿಪೇರಿಯವರು ಬದುಕಿಕೊಳ್ಳುತ್ತಾರೆ.

ಲೋಹದ ಕ್ಲಿಪ್

ರೀಫ್ಲೋನಲ್ಲಿ (ಬಿಡಿಭಾಗಗಳನ್ನು ಬೋರ್ಡಿಗೆ ಬೆಸೆಯುವ ಒಲೆಯಲ್ಲಿ) ಬೆಸುಗೆಯಾಗುವ ಸಣ್ಣ ಸ್ಪ್ರಿಂಗ್ ಕ್ಲಿಪ್‌ಗಳು ಶೀಲ್ಡ್ ಡಬ್ಬಿಗೆ (ರೇಡಿಯೊ ಗದ್ದಲ ತಡೆಯುವ ಲೋಹದ ಮುಚ್ಚಳಕ್ಕೆ) ಹೇಳಿ ಮಾಡಿಸಿದಂಥವು. ಹಿಡಿತ, ಗ್ರೌಂಡ್ ಎರಡೂ ಸಿಗುತ್ತವೆ. ಇಡೀ ಬೋರ್ಡು ಹೊರಲು ಬಳಸಿದರೆ ಪ್ಯಾಡೇ ಕಿತ್ತುಬರುತ್ತದೆ. ಉಳಿದ ವಿಧಾನಗಳಲ್ಲಿ ಕಳೆದುಹೋಗುವ ಗ್ರೌಂಡನ್ನು ಮರಳಿ ತರಲು ಇಂಥದ್ದೇ ಒಂದು ಸ್ಪ್ರಿಂಗ್ ಬೆರಳು ಸಾಕು. ಅದು ತಾಗುವ ಪ್ಯಾಡಿಗೆ ಚಿನ್ನದ ಲೇಪ ಇರಲಿ.

ಅಂಟು ಟೇಪು

ಎತ್ತರ ಉಳಿಸುವುದರಲ್ಲಿ ಇದನ್ನು ಯಾವುದೂ ಮೀರಿಸುವುದಿಲ್ಲ, ಆದರೆ ಬೋರ್ಡಿಗೆ ಬೇಡ, ಬ್ಯಾಟರಿಗೆ ಇರಲಿ. ಫೋಮ್ ಟೇಪು ಮೆತ್ತಗಿರುವುದರಿಂದ ಪೋರ್ಟ್ ಇರುವ ಬೋರ್ಡು ಪ್ಲಗ್ ಚುಚ್ಚಿದಾಗೆಲ್ಲ ಅಲುಗಾಡುತ್ತದೆ. ಅಂಟಿಸುವ ಮೈಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ನೀರು ಸಮಪಾಲು ಬೆರೆಸಿ ಒರೆಸಿ, ಗಟ್ಟಿಯಾಗಿ ಒತ್ತಿ. ವಿಎಚ್‌ಬಿ ಬಗೆಯ (ಅತಿ ಬಿಗಿಯಾಗಿ ಅಂಟುವ) ಟೇಪು ಕೋಣೆಯ ಬಿಸಿಯಲ್ಲಿ 20 ನಿಮಿಷಕ್ಕೆ ಅರ್ಧ ಬಲ, 24 ಗಂಟೆಗೆ 90%, ಪೂರ್ತಿ ಬಲಕ್ಕೆ 72 ಗಂಟೆ ತೆಗೆದುಕೊಳ್ಳುತ್ತದೆ. ಅಂಟಿಸಿದ ತಕ್ಷಣ ಬೀಳಿಸಿ ಪರೀಕ್ಷಿಸಿದರೆ ಒಳ್ಳೆಯ ಟೇಪೂ ಫೇಲಾಗುತ್ತದೆ.

ಬ್ಯಾಟರಿಗೆ ಅಂಥ ಶಾಶ್ವತ ಟೇಪು ಬೇಡ, ಎಳೆದರೆ ಹಿಗ್ಗಿ ಬಿಡುವ ಪಟ್ಟಿಯೇ ಬೇಕು. ಯುರೋಪಿಯನ್ ಒಕ್ಕೂಟದ 2023/1542 ನಿಯಮದ ಪ್ರಕಾರ 2027ರ ಫೆಬ್ರುವರಿ 18ರಿಂದ ಅಲ್ಲಿ ಮಾರುವ ಬಹುತೇಕ ಸಾಧನಗಳ ಸಣ್ಣ ಬ್ಯಾಟರಿಯನ್ನು ಬಿಸಿ, ದ್ರಾವಕ ಇಲ್ಲದೆ ಬಳಕೆದಾರರೇ ತೆಗೆಯುವಂತಿರಬೇಕು. ಪಟ್ಟಿಯನ್ನು ತಳಕ್ಕೆ ಹೆಚ್ಚುಕಡಿಮೆ ಸಮಾಂತರವಾಗಿ ನಿಧಾನಕ್ಕೆ ಎಳೆಯಬೇಕು, ಮೇಲಕ್ಕೆ ಎಳೆದರೆ ಬ್ಯಾಟರಿಯ ಅಂಚಿಗೆ ಉಜ್ಜಿ ತುಂಡಾಗುತ್ತದೆ. ಆದ್ದರಿಂದ ಎಳೆಯುವ ತುದಿಯ ಎದುರು ಕೊಕ್ಕೆಯಾಗಲಿ ಗೋಡೆಯಾಗಲಿ ಬರದಂತೆ ದಾರಿ ಖಾಲಿ ಬಿಡಿ. ಬ್ಯಾಟರಿ ಉಬ್ಬಲು ಅದರ ದಪ್ಪದ 10%ದಷ್ಟು ಜಾಗ ಮೇಲೆ ಇರಲಿ, ಕ್ಲಿಪ್ಪಿನ ಚೂಪು ತುದಿ ಯಾವುದೂ ಬ್ಯಾಟರಿಯ ಮೆತ್ತನೆಯ ಚೀಲದತ್ತ ಮುಖ ಮಾಡದಿರಲಿ.