26 ತಿಂಗಳ ಎಸ್‌ಇಒ ಸೇವೆ: ರಿಪೋರ್ಟಿನಲ್ಲಿ ನಂಬರ್ ಒನ್, ಸೈಟಿಗೆ ಮಾತ್ರ ಜನ ಬರಲಿಲ್ಲ

ಅಂಕ: 5ಕ್ಕೆ 1

ನಾನು ಬಟ್ಟೆ ಚೀಲ ಹೊಲಿದು ವೆಬ್‌ಸೈಟಿನಲ್ಲಿ ಮಾರುತ್ತೇನೆ. ಗೂಗಲ್‌ನಲ್ಲಿ ಹುಡುಕುವವರ ಕಣ್ಣಿಗೆ ಸೈಟ್ ಬೀಳಲಿ ಅಂತ, ಆ ಕೆಲಸ ಮಾಡಿಕೊಡುವ ಒಬ್ಬ ಎಸ್‌ಇಒ ಸಲಹೆಗಾರರನ್ನು ಗೊತ್ತು ಮಾಡಿಕೊಂಡೆ. ಮೊದಲ ಸಲ ಫೋನಿನಲ್ಲಿ ಮಾತಾಡಿದಾಗಲೇ, "ಮೂರು ತಿಂಗಳಲ್ಲಿ ಗೂಗಲ್‌ನಲ್ಲಿ ಮೊದಲ ಸ್ಥಾನ, ಗ್ಯಾರಂಟಿ. ಒಳಗೆ ನಮ್ಮವರಿದ್ದಾರೆ" ಎಂದರು. ಅಲ್ಲೇ ಫೋನ್ ಇಟ್ಟುಬಿಡಬೇಕಿತ್ತು. ಮೊದಲ ಸ್ಥಾನದ ಗ್ಯಾರಂಟಿ ಯಾರಿಂದಲೂ ಕೊಡಲಾಗದು ಎಂದು ಗೂಗಲ್ ತನ್ನ ಸಹಾಯ ಪುಟದಲ್ಲೇ ಬರೆದಿದೆ. ಅದನ್ನು ನಾನು ಓದಿದ್ದು ಒಂದು ವರ್ಷ ಕಳೆದ ಮೇಲೆ.

ಪ್ರತಿ ತಿಂಗಳೂ ಬಣ್ಣಬಣ್ಣದ ರಿಪೋರ್ಟ್ ಬರುತ್ತಿತ್ತು. ಹನ್ನೆರಡು ಕೀವರ್ಡ್, ಅಂದರೆ ಜನ ಟೈಪ್ ಮಾಡಿ ಹುಡುಕುವ ಪದಗಳು; ಹನ್ನೆರಡಕ್ಕೂ ಎದುರಿಗೆ ಹಸಿರು ಬಾಣ. ನೋಡಿ ಖುಷಿಯಾಗುತ್ತಿತ್ತು. ಆರ್ಡರ್ ಮಾತ್ರ ಮೊದಲಿನಷ್ಟೇ. ಕೇಳಿದರೆ, "ಸ್ವಲ್ಪ ತಾಳ್ಮೆ ಇರಲಿ" ಎನ್ನುತ್ತಿದ್ದರು. ಎಸ್‌ಇಒ ಫಲ ಕಾಣಲು ನಾಲ್ಕು ತಿಂಗಳಿಂದ ಒಂದು ವರ್ಷ ಬೇಕಾಗುವುದು ನಿಜ. ಆದ್ದರಿಂದ ಆ ಮಾತನ್ನು ತಪ್ಪು ಅನ್ನೋಕೂ ಆಗಲಿಲ್ಲ.

ಹದಿನಾಲ್ಕನೇ ತಿಂಗಳಲ್ಲಿ ಒಂದು ರಾತ್ರಿ ರಿಪೋರ್ಟನ್ನೂ, ಯಾವ ಹುಡುಕಾಟದಲ್ಲಿ ನಮ್ಮ ಸೈಟ್ ಎಷ್ಟನೇ ಸ್ಥಾನದಲ್ಲಿದೆ ಎಂದು ಗೂಗಲ್ಲೇ ತೋರಿಸುವ ಗೂಗಲ್ ಸರ್ಚ್ ಕನ್ಸೋಲನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂತೆ. ರಿಪೋರ್ಟಿನ ಮೊದಲ ಸಾಲು: "ಕೈಯಲ್ಲಿ ಹೊಲಿದ ಮೂರು ಜೇಬಿನ ನೀಲಿ ಬಟ್ಟೆ ಚೀಲ, ಸ್ಥಾನ 1." ಯಾರಾದರೂ ಹೀಗೆ ಟೈಪ್ ಮಾಡಿ ಹುಡುಕುತ್ತಾರಾ? ಸರ್ಚ್ ಕನ್ಸೋಲಿನ ಪಟ್ಟಿಯಲ್ಲಿ ಆ ಪದಗಳೇ ಇರಲಿಲ್ಲ. ಬೆರಳೆಣಿಕೆಯಷ್ಟು ಜನ ಹುಡುಕಿದ್ದನ್ನು ಗೂಗಲ್ ಅಲ್ಲಿ ತೋರಿಸುವುದೂ ಇಲ್ಲ. ಎರಡನೇ ಸಾಲು ನನ್ನ ಸೈಟಿನ ಹೆಸರೇ! ನನ್ನ ಹೆಸರು ಹೊಡೆದರೆ ನಾನೇ ಮೊದಲು ಬರಬೇಕು ಅಲ್ವಾ, ಅದಕ್ಕೂ ದುಡ್ಡು ಕೊಟ್ಟಿದ್ದೆ. "ಬಟ್ಟೆ ಚೀಲ" ಎಂಬ ಸಾದಾ ಹುಡುಕಾಟದಲ್ಲಿ ನನ್ನ ಸರಾಸರಿ ಸ್ಥಾನ 60ರ ಆಚೆ. ಅಂದರೆ ಆರನೇ ಪುಟವೂ ದಾಟಿ. ಹನ್ನೆರಡು ಕೀವರ್ಡಿನಲ್ಲಿ ಒಂದಕ್ಕೂ ಪೈಪೋಟಿಯೇ ಇರಲಿಲ್ಲ. ಯಾರೂ ಓಡದ ಓಟದಲ್ಲಿ ನನ್ನನ್ನು ಗೆಲ್ಲಿಸಿದ್ದರು.

ಆಮೇಲೆ ಹಳೆ ಬಿಲ್ಲುಗಳನ್ನೂ ತೆಗೆದು ನೋಡಿದೆ. "ಮೆಟಾ ಕೀವರ್ಡ್ ಜೋಡಣೆ" ಅಂತ ಒಂದು. ಓದುಗರಿಗೆ ಕಾಣದಂತೆ ಪುಟದ ಕೋಡಿನೊಳಗೆ ಬರೆದಿಡುವ ಪದಗಳ ಪಟ್ಟಿ ಅದು. ರ‍್ಯಾಂಕ್ ಕೊಡುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ. "ಡೊಮೇನ್ ಅಥಾರಿಟಿ ಏರಿಕೆ" ಅಂತ ಇನ್ನೊಂದು. ಅದು ಮೋಜ್ ಎಂಬ ಕಂಪನಿ ಕೊಡುವ ಅಂಕ, ಗೂಗಲ್‌ನದಲ್ಲ.

ಇದರಲ್ಲಿ ಹೋಗಿದ್ದು ಬರೀ ದುಡ್ಡು. ಲಿಂಕ್ ವಿಷಯದಲ್ಲಿ ಸೈಟಿಗೇ ಪೆಟ್ಟು ಬಿತ್ತು. ಬೇರೆ ಸೈಟುಗಳಿಂದ ನನ್ನ ಸೈಟಿಗೆ "ತಿಂಗಳಿಗೆ 200 ಲಿಂಕ್" ಎಂದಿದ್ದರು, ಕೊಟ್ಟರು ಕೂಡ. ಜೂಜು, ಸಾಲ, ಮಾತ್ರೆ ಮಾರುವ ಸೈಟುಗಳ ಮಧ್ಯೆ ನನ್ನ ಚೀಲಗಳ ಲಿಂಕ್. ರ‍್ಯಾಂಕಿಗಾಗಿ ಲಿಂಕ್ ಕೊಳ್ಳುವುದು ಗೂಗಲ್ ನಿಯಮಕ್ಕೆ ವಿರುದ್ಧ. ಹತ್ತೊಂಬತ್ತನೇ ತಿಂಗಳಲ್ಲಿ ಸರ್ಚ್ ಕನ್ಸೋಲಿನಲ್ಲಿ "ಮ್ಯಾನುಯಲ್ ಆಕ್ಷನ್" ನೋಟಿಸ್ ಬಂತು. ಇದ್ದ ನಾಲ್ಕು ಜನ ಗಿರಾಕಿಗಳೂ ಬರುವುದು ನಿಂತಿತು. ಸಲಹೆಗಾರರನ್ನು ಕೇಳಿದರೆ, "ಅಲ್ಗಾರಿದಮ್ ಅಪ್‌ಡೇಟ್, ಎಲ್ಲರಿಗೂ ಆಗಿದೆ" ಎಂದರು. ಇದು ಶುದ್ಧ ಸುಳ್ಳು. ಅಲ್ಗಾರಿದಮ್ ಬದಲಾದರೆ ಅಂಥ ನೋಟಿಸ್ ಬರುವುದಿಲ್ಲ. ಮನುಷ್ಯರು ನೋಡಿ, ತಪ್ಪು ಹಿಡಿದು, ನಿಮ್ಮ ಸೈಟಿಗೇ ಅಂತ ಕಳಿಸುವುದು ಅದು. ಸಿಟ್ಟಿಗಿಂತ ಜಾಸ್ತಿ ಸಂಕಟವಾಯಿತು.

ಮುಂದಿನ ಏಳು ತಿಂಗಳು ಅದನ್ನು ತೊಳೆಯುವುದರಲ್ಲೇ ಹೋಯಿತು. ಒಂದೊಂದೇ ಸೈಟಿಗೆ ಬರೆದು ಲಿಂಕ್ ತೆಗೆಸಿದೆ. ತೆಗೆಯದವರ ಪಟ್ಟಿ ಮಾಡಿ, ಈ ಲಿಂಕುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂದು ಕೇಳುವ ಗೂಗಲ್‌ನ ಡಿಸ್‌ಅವೋ ಟೂಲಿಗೆ ಹಾಕಿದೆ. ಮರುಪರಿಶೀಲನೆಗೆ ಎರಡು ಸಲ ಅರ್ಜಿ ಹಾಕಿದ ಮೇಲೆ ನೋಟಿಸ್ ಹೋಯಿತು. ಸರ್ಚ್ ಕನ್ಸೋಲಿನಲ್ಲಿ ಆ ಸಲಹೆಗಾರರೂ ಓನರ್ ಆಗಿದ್ದರು. ಅವರನ್ನು ತೆಗೆದು, ದೃಢೀಕರಣಕ್ಕೆ ಅವರು ಸೈಟಿನಲ್ಲಿ ಇಟ್ಟಿದ್ದ ಫೈಲನ್ನೂ ಅಳಿಸಿ, ಕೊನೇ ಬಿಲ್ ಕಟ್ಟಿ ಸೇವೆ ನಿಲ್ಲಿಸಿದೆ.

ಈಗ ಇನ್ನೊಬ್ಬರ ಹತ್ತಿರ ಮಾತಾಡುತ್ತಿದ್ದೇನೆ. ಅವರು ಮೊದಲು ಕೇಳಿದ್ದು, ಸರ್ಚ್ ಕನ್ಸೋಲನ್ನು ನೋಡಲು ಮಾತ್ರ ಅನುಮತಿ ಕೊಡುತ್ತೀರಾ ಅಂತ. ಗ್ಯಾರಂಟಿಯ ಮಾತು ಎತ್ತಿದ್ದಕ್ಕೆ, "ಅದು ನನ್ನ ಕೈಯಲ್ಲಿಲ್ಲ" ಎಂದರು. ಅವರಿಗೆ ಅನುಮತಿ ಕೊಟ್ಟಿದ್ದೇನೆ.