ಬೆಳ್ಳಿ ಅಸಲಿಯೇ? ಮ್ಯಾಗ್ನೆಟ್, ಐಸ್, ನೀರಿನ ತೂಕ – ಯಾವುದನ್ನು ನಂಬಬೇಕು?

ಒಡವೆ ಕಪ್ಪಾದ ಕೂಡಲೇ ‘ಇದು ಬೆಳ್ಳಿನೇ ಅಲ್ಲ’ ಅಂತ ಸುಮ್ನೆ ತೀರ್ಮಾನ ಮಾಡುವವರು ಜಾಸ್ತಿ. ಇದು ತಪ್ಪು. ಗಾಳಿಯಲ್ಲಿರುವ ಗಂಧಕದ ಅನಿಲ ತಾಗಿದರೆ ಅಪ್ಪಟ ಬೆಳ್ಳಿಯೂ ಕಪ್ಪಾಗುತ್ತದೆ. ಆ ಕಪ್ಪು ಪದರವೇ ಸಿಲ್ವರ್ ಸಲ್ಫೈಡ್. ತೇವ ಇದ್ದರೆ ಇನ್ನೂ ಬೇಗ. ಇತ್ತ ರೋಡಿಯಂ ಎಂಬ ಲೋಹದ ಲೇಪನ ಇರುವ ಬೆಳ್ಳಿ ಲೇಪನ ಸವೆಯುವವರೆಗೂ ಹೊಳೆಯುತ್ತದೆ, ಅತ್ತ ಬೆಳ್ಳಿ ನೀರು ಕೊಟ್ಟ ಹಿತ್ತಾಳೆಯೂ ಕಪ್ಪಾಗುತ್ತದೆ. ಬಣ್ಣ ಸಾಕ್ಷಿಯಾಗುವುದಿಲ್ಲ.

ಹಾಗಾದರೆ ಯಾವುದು ಸಾಕ್ಷಿ? ಮನೆಯಲ್ಲಿದ್ದ ಒಂದು 925 ಬೆಳ್ಳಿ (ಅಂದರೆ ನೂರಕ್ಕೆ 92.5 ಪಾಲು ಬೆಳ್ಳಿ) ಬಳೆ, ಒಂದು ತಾಮ್ರದ ಬಳೆ, ಒಂದು ಜರ್ಮನ್ ಸಿಲ್ವರ್ ಬಳೆ ಇಟ್ಟುಕೊಂಡು ನೋಡಿದೆ. (ಜರ್ಮನ್ ಸಿಲ್ವರ್ ಅಂದರೆ ತಾಮ್ರ, ನಿಕಲ್, ಸತುವಿನ ಮಿಶ್ರಣ. ಬೆಳ್ಳಿ ಅದರಲ್ಲಿ ಚೂರೂ ಇಲ್ಲ.)

ಮ್ಯಾಗ್ನೆಟ್‌ಗೆ ಮೂರೂ ಅಂಟಲಿಲ್ಲ. ಅಂದರೆ ಇದು ಕಬ್ಬಿಣದ ನಕಲಿಯನ್ನಷ್ಟೇ ಹಿಡಿಯುತ್ತದೆ. ಅಸಲಿ ಬೆಳ್ಳಿ ಸರದ ಕೊಕ್ಕೆ ಕೆಲವೊಮ್ಮೆ ಅಂಟುತ್ತದೆ, ಒಳಗಿನ ಸ್ಪ್ರಿಂಗ್ ಉಕ್ಕಿನದಾಗಿದ್ದರೆ. ಅದಕ್ಕೆ ಗಾಬರಿ ಬೇಡ.

ಐಸ್ ಪರೀಕ್ಷೆ ಸ್ವಲ್ಪ ವಾಸಿ. ಲೋಹಗಳಲ್ಲೆಲ್ಲ ಶಾಖವನ್ನು ಅತಿ ಚೆನ್ನಾಗಿ ಹರಿಸುವುದು ಬೆಳ್ಳಿ, ಆದ್ದರಿಂದ ಅದರ ಮೇಲಿಟ್ಟ ಐಸ್ ಥಟ್ಟನೆ ಕರಗುತ್ತದೆ. ಜರ್ಮನ್ ಸಿಲ್ವರ್ ಇಲ್ಲಿ ಸೋತಿತು. ಆದರೆ ತಾಮ್ರ ಬೆಳ್ಳಿಯ ಬೆನ್ನಿಗೇ ಬಂತು, ನನ್ನ ಕಣ್ಣಿಗೆ ವ್ಯತ್ಯಾಸವೇ ಕಾಣಲಿಲ್ಲ. ತಾಮ್ರಕ್ಕೆ ಬೆಳ್ಳಿ ಲೇಪಿಸಿದ್ದರೆ ಐಸ್ ನಿಮ್ಮನ್ನು ಮೋಸಗೊಳಿಸುತ್ತದೆ.

ನನಗೆ ನಿಜವಾಗಿ ನಂಬಿಕೆ ಬಂದದ್ದು ನೀರಿನ ತೂಕದ ಮೇಲೆ. ಮೊದಲು ಒಡವೆಯನ್ನು ಒಣಗಿದ್ದಾಗಲೇ ತೂಗಿ. ಆಮೇಲೆ ಡಿಜಿಟಲ್ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ಒಡವೆಯನ್ನು ದಾರದಲ್ಲಿ ಕಟ್ಟಿ ನೀರೊಳಗೆ ಇಳಿಬಿಡಿ. ಅದು ತಳಕ್ಕಾಗಲಿ ಪಕ್ಕಕ್ಕಾಗಲಿ ತಾಗಬಾರದು. ಈಗ ತಕ್ಕಡಿ ತೋರಿಸುವ ಸಂಖ್ಯೆಯಿಂದ ಮೊದಲ ತೂಕವನ್ನು ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಉದಾಹರಣೆಗೆ 31 ಗ್ರಾಂ ಬಳೆ, ನೀರಲ್ಲಿ 3 ಗ್ರಾಂ ತೋರಿಸಿದರೆ ಉತ್ತರ ಸುಮಾರು 10.3. 925 ಬೆಳ್ಳಿ ಇರಬೇಕಾದದ್ದೇ ಅಲ್ಲಿ. ಶುದ್ಧ ಬೆಳ್ಳಿ 10.5ರ ಹತ್ತಿರ, ತಾಮ್ರ 9ರ ಹತ್ತಿರ, ಹಿತ್ತಾಳೆ ಇನ್ನೂ ಕಡಿಮೆ. ಮೇಲೆ ಎಷ್ಟೇ ಚೆಂದದ ಲೇಪನ ಇರಲಿ, ಒಳಗಿನ ಲೋಹ ಇಲ್ಲಿ ಬಚ್ಚಿಟ್ಟುಕೊಳ್ಳಲಾರದು.

ಎರಡು ಎಚ್ಚರಿಕೆ. ಸರದ ಕೊಂಡಿಗಳ ನಡುವೆ ಗಾಳಿ ಗುಳ್ಳೆ ಕೂತರೆ ಲೆಕ್ಕ ತಪ್ಪುತ್ತದೆ, ನೀರಿಗೆ ಒಂದು ಹನಿ ಸೋಪು ಹಾಕಿ ಅಲುಗಾಡಿಸಿ. ಇನ್ನು 3 ಗ್ರಾಂ ಉಂಗುರದಲ್ಲಿ ಬೆಳ್ಳಿಗೂ ಹಿತ್ತಾಳೆಗೂ ಬರುವ ವ್ಯತ್ಯಾಸ 0.06 ಗ್ರಾಂ ಅಷ್ಟೇ. ಅದಕ್ಕೆ 0.01 ಗ್ರಾಂ ತೋರಿಸುವ ತಕ್ಕಡಿಯೇ ಬೇಕು, ಅಡುಗೆಮನೆಯದು ಸಾಲದು.

925 ಮುದ್ರೆಯನ್ನು ಮೊದಲು ನೋಡಿ, ಆದರೆ ಅದೊಂದನ್ನೇ ನಂಬಬೇಡಿ. ಯಾರು ಬೇಕಾದರೂ ಒತ್ತಬಹುದು. ಇಪಿಎನ್ಎಸ್ ಅಂತ ಇದ್ದರೆ ಅದು ಬೆಳ್ಳಿ ಲೇಪನ ಮಾತ್ರ. ನೈಟ್ರಿಕ್ ಆಸಿಡ್ ಪರೀಕ್ಷೆಯನ್ನು ನಾನು ಮನೆಯಲ್ಲಿ ಮಾಡಲಿಲ್ಲ, ನೀವೂ ಮಾಡಬೇಡಿ. ಕೈ ಸುಡುತ್ತದೆ, ಒಡವೆಗೂ ಕಲೆ ಉಳಿಯುತ್ತದೆ.

ಕಲ್ಲು ಕೂರಿಸಿದ, ಒಳಗೆ ಟೊಳ್ಳಾದ ಒಡವೆಗೆ ನೀರಿನ ತೂಕ ನಡೆಯುವುದಿಲ್ಲ. ಅವುಗಳನ್ನು ಲೋಹ ಪರೀಕ್ಷಿಸುವ ಎಕ್ಸ್‌ರೇ ಯಂತ್ರ ಇರುವವರ ಬಳಿ ಒಯ್ಯಿರಿ. ಅದು ಮೇಲ್ಪದರವನ್ನಷ್ಟೇ ಓದುವುದರಿಂದ, ಲೇಪನ ದಪ್ಪ ಇರಬಹುದು ಎಂಬ ಅನುಮಾನ ಇದ್ದರೆ ಮೊದಲೇ ಹೇಳಿ.