ಎರಡು ವರ್ಷ ಆನ್‌ಲೈನ್ ಕೌನ್ಸೆಲಿಂಗ್ ಬಳಸಿದ ಮೇಲೆ: ಎಲ್ಲಿ ದುಡ್ಡು ಸಾರ್ಥಕ, ಎಲ್ಲಿ ದಂಡ

ಮನೆ ಜಗಳ, ಕೆಲಸದ ಒತ್ತಡ, ಅತ್ತೆ-ಸೊಸೆ ಮುನಿಸು: ಇಂಥದ್ದಕ್ಕೆ ಆ್ಯಪ್ ಹುಡುಕುವ ಮುಂಚೆ ಎರಡು ವಿಷಯ ನೋಡಿ. ಪ್ರತಿ ವಾರ ಅದೇ ಕೌನ್ಸೆಲರ್ ಸಿಗುತ್ತಾರಾ? ಮಾತಾಡಲು ಬಾಗಿಲು ಹಾಕಿಕೊಳ್ಳುವ ಕೋಣೆ ಇದೆಯಾ? ಇವೆರಡೂ ಇಲ್ಲದಿದ್ದರೆ ಎಷ್ಟು ದುಬಾರಿ ಪ್ಯಾಕೇಜ್ ಆದರೂ ನೀರಲ್ಲಿ ಹೋಮ.

ದುಡ್ಡು ಕೊಡುವ ಮುಂಚೆ ಪುಕ್ಕಟೆ ಇರುವುದನ್ನು ಬಳಸಿ. ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 2022ರ ಅಕ್ಟೋಬರ್ 10ರಂದು ಶುರುವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಎರಡಕ್ಕೆ ಎದೆ ಹೊಡೆದುಕೊಳ್ಳುವಾಗ ಇದಕ್ಕಿಂತ ಹತ್ತಿರದ ದಾರಿ ಇಲ್ಲ. ಅಗತ್ಯವಿದ್ದರೆ ಮನೋವೈದ್ಯರಿಗೂ ದಾಟಿಸುತ್ತಾರೆ. ಆದರೆ ಇದು ಹೆಲ್ಪ್‌ಲೈನ್. ಪ್ರತಿ ಸಲ ಅದೇ ದನಿ ಸಿಗುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ. ಆರು ತಿಂಗಳು ಎಳೆಯುವ ದಾಂಪತ್ಯದ ಗೋಜಲಿಗೆ ಮೊದಲಿಂದ ಕೊನೆತನಕ ಒಬ್ಬರೇ ಕೌನ್ಸೆಲರ್ ಕೂತು ಕೇಳಬೇಕು.

ಖಾಸಗಿ ಸೇವೆಯಲ್ಲಿ ಮೊದಲು ಕೌನ್ಸೆಲರ್ ಓದಿದ್ದೇನು ಎಂದು ನೋಡಿ. ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂದು ಹಾಕಿಕೊಂಡವರಿಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ ಇರಬೇಕು; ಕೇಳಿದರೆ ಕೊಡಬೇಕು. ಮನಶ್ಶಾಸ್ತ್ರದಲ್ಲಿ ಎಂಎಸ್‌ಸಿ ಅಥವಾ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡಿ ಅನುಭವ ಇರುವವರು ಸಂಸಾರದ ವಿಷಯಕ್ಕೆ ಸಾಕು. ಮಾತ್ರೆ ಬೇಕಾದರೆ ಮಾತ್ರ ಮನೋವೈದ್ಯರು. ‘ಲೈಫ್ ಕೋಚ್’ ಎಂಬುದು ಯಾರು ಬೇಕಾದರೂ ಅಂಟಿಸಿಕೊಳ್ಳಬಹುದಾದ ಬೋರ್ಡು.

ಆಮೇಲೆ ಭಾಷೆ. ಪ್ರೊಫೈಲಿನಲ್ಲಿ ‘ಕನ್ನಡ’ ಎಂದಿರುತ್ತದೆ, ಹತ್ತು ನಿಮಿಷದಲ್ಲಿ ಮಾತು ಇಂಗ್ಲಿಷಿಗೆ ಜಾರುತ್ತದೆ. ನಮ್ಮ ‘ಬೇಜಾರು’ ಒಂದೇ ಪದವನ್ನು ತಗೊಳ್ಳಿ. ಅದು ಹೊತ್ತು ಹೋಗದಿರುವುದೂ ಆಗಬಹುದು, ನೋವೂ ಆಗಬಹುದು, ಸಾಕಾಗಿ ಹೋಗಿರುವುದೂ ಆಗಬಹುದು. “ಯಾವ ಥರದ ಬೇಜಾರು? ಯಾರ ಮೇಲೆ?” ಎಂದು ಮರುಪ್ರಶ್ನೆ ಹಾಕಿದರೆ ಆ ಕೌನ್ಸೆಲರ್‌ನ ಬಿಡಬೇಡಿ. ಕೇಳಿಸಿಕೊಂಡು ‘ಬೋರ್’ ಎಂದು ಬರೆದುಕೊಂಡು ಮುಂದೆ ಹೋದರೆ ಎರಡನೇ ಸೆಷನ್ ಬುಕ್ ಮಾಡಬೇಡಿ. ಇದನ್ನು ತಿಳಿಯಲು ಒಂದು ಸೆಷನ್ ಸಾಕು, ಹಾಗಾಗಿ ಎಂಟು ಸೆಷನ್‌ಗಳ ಪ್ಯಾಕ್ ಮೊದಲೇ ಕೊಳ್ಳಬೇಡಿ. ಹಿಡಿಸಿದರೆ ಆಮೇಲೆ ನಾಲ್ಕು ತಗೊಳ್ಳಿ.

ಸೆಷನ್ ಸಾಮಾನ್ಯವಾಗಿ 45ರಿಂದ 50 ನಿಮಿಷ. ಗೋಡೆಯಾಚೆ ಟಿವಿ ನೋಡುತ್ತಿರುವವರ ಬಗ್ಗೆಯೇ ದೂರು ಹೇಳಬೇಕಾದಾಗ ದನಿ ತಾನಾಗಿ ಇಳಿಯುತ್ತದೆ, ನಿಜ ಹೊರಗೆ ಬರುವುದಿಲ್ಲ. ನಿಲ್ಲಿಸಿದ ಕಾರು ಒಳ್ಳೆಯ ಜಾಗ. ಟೆರೇಸಿನಲ್ಲಿ ಗಾಳಿಯ ಸದ್ದು ಮೈಕಿಗೆ ಬಡಿಯುತ್ತದೆ. ತಂತಿಯ ಇಯರ್‌ಫೋನ್ ಇದ್ದರೆ ಚಾರ್ಜ್ ಮುಗಿಯುವ ಚಿಂತೆ ಇಲ್ಲ. ನೆಟ್‌ವರ್ಕ್ ತಡವರಿಸಿದರೆ ವಿಡಿಯೋ ಬಂದ್ ಮಾಡಿ, ದನಿ ಉಳಿಸಿಕೊಳ್ಳಿ.

ಗಂಡ ಹೆಂಡತಿ ಒಟ್ಟಿಗೆ ಕೂತರೆ ತೊಂದರೆ ಬೇರೆ. ಒಂದೇ ಫೋನಿನಲ್ಲಿ ಇಬ್ಬರ ಅರ್ಧರ್ಧ ಮುಖ. ಒಂದೇ ಕೋಣೆಯಲ್ಲಿ ಎರಡು ಫೋನ್ ಇಟ್ಟರೆ ಕಿವಿ ಕೊರೆಯುವಂತೆ ಎಕೋ. ಲ್ಯಾಪ್‌ಟಾಪನ್ನು ಒಂದು ಮೀಟರ್ ದೂರ, ಕಣ್ಣಿನ ಮಟ್ಟಕ್ಕೆ ಇಡಿ. ಇಬ್ಬರೂ ಒಟ್ಟಿಗೆ ಬಾಯಿ ತೆಗೆದರೆ ಆ ಕಡೆ ಯಾರ ಮಾತೂ ಕೇಳಿಸುವುದಿಲ್ಲ, ಸರದಿ ಪಾಲಿಸಲೇಬೇಕು. ಹೊಡೆತ-ಬೆದರಿಕೆ ಇರುವ ಮನೆಯಲ್ಲಿ ಜೋಡಿ ಸೆಷನ್ ಬೇಡವೇ ಬೇಡ. ಅಲ್ಲಿ ಹೇಳಿದ್ದಕ್ಕೆ ಫೋನ್ ಇಟ್ಟ ಮೇಲೆ ಏಟು ಬೀಳುತ್ತದೆ. ಅದಕ್ಕೆ ಮಹಿಳಾ ಸಹಾಯವಾಣಿ 181, ತುರ್ತಿಗೆ 112.

‘ಅನ್‌ಲಿಮಿಟೆಡ್ ಚಾಟ್’ಗೆ ಮರುಳಾಗಬೇಡಿ. ಬೆಳಗ್ಗೆ ಬರೆದದ್ದಕ್ಕೆ ಸಂಜೆ ಉತ್ತರ ಬರುವಷ್ಟರಲ್ಲಿ ಜಗಳ ಮುಗಿದು ಊಟವೂ ಆಗಿರುತ್ತದೆ.

ಸೈನ್‌ಅಪ್‌ನಲ್ಲಿ ಬರುವ ಉದ್ದದ ಪ್ರಶ್ನಾವಳಿಗೆ ಕೈ ಬಿಗಿ ಹಿಡಿದು ಉತ್ತರಿಸಿ, ಬೇರೆ ಇಮೇಲ್ ಕೊಡಿ. ಅಮೆರಿಕದ ಆನ್‌ಲೈನ್ ಕೌನ್ಸೆಲಿಂಗ್ ಕಂಪನಿ ಬೆಟರ್‌ಹೆಲ್ಪ್ ಗ್ರಾಹಕರ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್, ಸ್ನ್ಯಾಪ್‌ಚಾಟ್‌ನಂಥ ಕಂಪನಿಗಳಿಗೆ ಕೊಟ್ಟಿತೆಂಬ ಆರೋಪದ ಮೇಲೆ 2023ರಲ್ಲಿ ಅಲ್ಲಿನ ಗ್ರಾಹಕ ರಕ್ಷಣೆಯ ಸರ್ಕಾರಿ ಸಂಸ್ಥೆ ಎಫ್‌ಟಿಸಿ ಜೊತೆ 78 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಅಲ್ಲಿರುವ ಕನ್ನಡಿಗರಿಗೆ ಇನ್ನೊಂದು ತಲೆನೋವು: ಥೆರಪಿಸ್ಟ್‌ಗೆ ಸಾಮಾನ್ಯವಾಗಿ ನೀವಿರುವ ರಾಜ್ಯದ ಲೈಸೆನ್ಸ್ ಬೇಕು, ಮನೆ ಬದಲಿಸಿದರೆ ಅವರು ಕೈತಪ್ಪಬಹುದು.

ಸೇವೆ ಬಿಡುವಾಗ ಆ್ಯಪ್ ಅಳಿಸಿದರೆ ಆಟೋಪೇ (ತಾನಾಗಿ ದುಡ್ಡು ಕಡಿತ) ನಿಲ್ಲುವುದಿಲ್ಲ. ಯುಪಿಐ ಆ್ಯಪಿನೊಳಗೆ ಹೋಗಿ ಮ್ಯಾಂಡೇಟ್ (ಕಡಿತಕ್ಕೆ ಕೊಟ್ಟ ಒಪ್ಪಿಗೆ) ರದ್ದು ಮಾಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.